ಎಂಟು ಎಂಬ ಅಂಕಿಯ ಹಿಂದೆ ಎಷ್ಟು ಜನ

ಈಟಿಂಗ್ ಡಿಸಾರ್ಡರ್, ಅಂದರೆ ತಿನ್ನುವುದಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆಗಳ ಬಗೆಗಿನ ಸಂಶೋಧನಾ ಪ್ರಬಂಧಗಳಲ್ಲಿ ಮೊದಲ ಕೋಷ್ಟಕ ಹೆಚ್ಚುಕಮ್ಮಿ ಒಂದೇ ತೆರನಾಗಿರುತ್ತದೆ. ಎಷ್ಟು ಜನ, ಸರಾಸರಿ ವಯಸ್ಸೆಷ್ಟು, ಕಾಯಿಲೆ ಶುರುವಾಗಿ ಎಷ್ಟು ವರ್ಷವಾಯಿತು, ಕಳೆದ 28 ದಿನಗಳಲ್ಲಿ ಎಷ್ಟು ಸಲ ಬಿಂಜ್ (ಹತೋಟಿ ತಪ್ಪಿ ಒಮ್ಮೆಗೇ ವಿಪರೀತ ತಿನ್ನುವುದು) ಆಯಿತು. ಓದುವವರ ಕಣ್ಣು ಅಲ್ಲಿ ಒಂದು ಕ್ಷಣ ನಿಂತು ಮುಂದಕ್ಕೆ ಹೋಗುತ್ತದೆ. ಆ ಸರಾಸರಿಯನ್ನು ಬಿಡಿಸಿ ಒಳಗೆ ಇಣುಕಿದರೆ ಯಾವುದೋ ಒಂದು ಐಡಿ ನಂಬರಿನ ಎದುರು 8 ಅಂತ ಬರೆದಿರುತ್ತದೆ. ಒಬ್ಬರು ಹೇಳಲೋ ಬೇಡವೋ ಅಂತ ಹೇಳಿದ್ದು, ಇನ್ನೊಬ್ಬರು ಕೇಳಿಸಿಕೊಂಡದ್ದು, ಮೂರನೆಯವರು ತಕರಾರು ತೆಗೆದದ್ದು, ನಾಲ್ಕನೆಯವರು ಕಂಪ್ಯೂಟರಿಗೆ ಏರಿಸಿದ್ದು, ಎಲ್ಲ ಸೇರಿ ಆ ಎಂಟು. ಥರ್ಮಾಮೀಟರಿನ ಪಾದರಸದ ಹಾಗೆ ತಾನಾಗಿ ಏರಿ ನಿಂತದ್ದಲ್ಲ.

ಈ ಸಂಶೋಧನೆ ನಡೆಯುವ ಲ್ಯಾಬ್‌ಗಳನ್ನು ಲ್ಯಾಬ್ ಅಂತ ಕರೆಯುವುದೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಮೂರ್ನಾಲ್ಕು ಕೋಣೆ: ಕಂಪ್ಯೂಟರಿನ ಮುಂದೆ ಕುಳಿತು ಪ್ರಶ್ನಾವಳಿ ತುಂಬುವುದಕ್ಕೆ ಒಂದು, ಸಂದರ್ಶನಕ್ಕೆ ಒಂದು, ಎತ್ತರ ತೂಕ ನೋಡುವುದಕ್ಕೆ ಬಾಗಿಲು ಭದ್ರವಾಗಿ ಮುಚ್ಚುವ ಚಿಕ್ಕದೊಂದು, ಮತ್ತೆ ಸಿಬ್ಬಂದಿಯ ಕೋಣೆ. ಊಟದ ಪ್ರಯೋಗ ಮಾಡುವವರಿದ್ದರೆ ಒಂದು ಅಡುಗೆಮನೆ. ಹೆಸರು ಪ್ರಧಾನ ಸಂಶೋಧಕರದು. ಆದರೆ ಭಾಗವಹಿಸಲು ಬಂದವರು ಅವರ ಮುಖ ನೋಡದೆಯೇ ಹೋಗುವುದು ಉಂಟು. ಅವರು ನೋಡುವುದು, ನೆನಪಿಟ್ಟುಕೊಳ್ಳುವುದು, ಸಿಟ್ಟು ಬಂದರೆ ಬೈಯುವುದು ಕೋ-ಆರ್ಡಿನೇಟರನ್ನು.

ಕೋ-ಆರ್ಡಿನೇಟರ್ ಕೆಲಸ ಫೋನಿನಿಂದ ಶುರುವಾಗುತ್ತದೆ. ಪೋಸ್ಟರ್ ನೋಡಿ ಒಬ್ಬರು ನಂಬರ್ ಬಿಟ್ಟಿರುತ್ತಾರೆ. ತಿರುಗಿ ಫೋನ್ ಮಾಡಿದಾಗ ಎತ್ತುವುದು ಅವರ ಅಮ್ಮನೋ ಗಂಡನೋ ರೂಮ್‌ಮೇಟೋ ಆಗಿರಬಹುದು. ಆದ್ದರಿಂದ ಮೊದಲ ನಿಯಮ: ಸಂಬಂಧಪಟ್ಟವರೇ ಮಾತನಾಡುತ್ತಿದ್ದಾರೆ ಎಂದು ಖಾತ್ರಿಯಾಗುವ ತನಕ ಅಧ್ಯಯನದ ವಿಷಯ ಬಾಯಿಗೆ ಬರಬಾರದು. ವಾಯ್ಸ್ ಮೆಸೇಜ್ ಬಿಟ್ಟರೂ ತನ್ನ ಹೆಸರು, ವಿಶ್ವವಿದ್ಯಾಲಯದ ಹೆಸರು, ವಾಪಸ್ ಕರೆಯಬೇಕಾದ ನಂಬರು, ಅಷ್ಟೆ. ಅಂಚೆಯ ಕವರಿನ ಮೇಲೂ ಲ್ಯಾಬಿನ ಪೂರ್ತಿ ಹೆಸರು ಹಾಕುವುದಿಲ್ಲ. ಮನೆಯವರಿಗೆ ಗೊತ್ತಿಲ್ಲದೆ ವರ್ಷಗಟ್ಟಲೆ ಬಚ್ಚಿಟ್ಟುಕೊಂಡು ಬಂದ ಕಾಯಿಲೆಯನ್ನು ಒಂದು ಕವರು ಬಯಲು ಮಾಡಿಬಿಡಬಹುದು.

ಆಮೇಲೆ ಸ್ಕ್ರೀನಿಂಗ್, ಹದಿನೈದು ಇಪ್ಪತ್ತು ನಿಮಿಷ. ವಯಸ್ಸು, ಗರ್ಭಿಣಿಯೇ, ಯಾವ ಮಾತ್ರೆ, ಮೆದುಳಿನ ಸ್ಕ್ಯಾನ್ ಇದ್ದರೆ ದೇಹದಲ್ಲಿ ಲೋಹದ ತುಂಡು ಏನಾದರೂ ಇದೆಯೇ. ತಿನ್ನುವ ಪ್ರಶ್ನೆಗಳು ಕೊನೆಗೆ. ಇಲ್ಲಿ ಆಗುವ ಸಾಮಾನ್ಯ ಎಡವಟ್ಟು, ಕೇಳುವವರ ದನಿಯಲ್ಲೇ ಉತ್ತರ ಇರುವುದು. "ಅಧ್ಯಯನಕ್ಕೆ ಸೇರಬೇಕಾದರೆ ವಾರಕ್ಕೊಮ್ಮೆಯಾದರೂ ಬಿಂಜ್ ಆಗಿರಬೇಕು, ನಿಮಗೆ ಆಗುತ್ತದೆಯೇ?" ಅಂತ ಕೇಳಿದರೆ ಆಗುತ್ತದೆ ಅಂತಲೇ ಉತ್ತರ ಬರುತ್ತದೆ. ಗೌರವಧನಕ್ಕೆ ಸುಳ್ಳು ಹೇಳುತ್ತಾರೆ ಅಂತಲ್ಲ. ತನ್ನ ಕಾಯಿಲೆ ಕಾಯಿಲೆ ಅನ್ನಿಸಿಕೊಳ್ಳುವಷ್ಟು ದೊಡ್ಡದೋ ಅಲ್ಲವೋ ಎಂಬ ಅನುಮಾನ ಈ ಜನರನ್ನು ಬಿಡದೆ ಕಾಡುತ್ತಿರುತ್ತದೆ. "ನಿಮಗೆ ಅರ್ಹತೆ ಇಲ್ಲ" ಎಂಬ ಮಾತು ಅವರ ಕಿವಿಗೆ "ನಿನಗೇನೂ ಆಗಿಲ್ಲ" ಅಂತ ಕೇಳಿಸುತ್ತದೆ. ಅದಕ್ಕೇ ಒಳ್ಳೆಯ ಲ್ಯಾಬ್‌ಗಳಲ್ಲಿ ನಿರಾಕರಿಸುವುದಕ್ಕೂ ಒಂದು ಬರೆದಿಟ್ಟ ಮಾತಿರುತ್ತದೆ: ಈ ಅಧ್ಯಯನಕ್ಕೆ ಬೇಕಾದ ಗುಂಪು ಬೇರೆ, ನೀವು ಹೇಳಿದ್ದು ಚಿಕಿತ್ಸೆಗೆ ಯೋಗ್ಯವಾದ ತೊಂದರೆಯೇ, ಎಲ್ಲಿಗೆ ಹೋಗಬಹುದು ಎಂಬುದರ ಪಟ್ಟಿ ಕಳಿಸುತ್ತೇವೆ. ಪಟ್ಟಿಯಲ್ಲಿರುವ ಫೋನ್ ನಂಬರುಗಳು ಇನ್ನೂ ನಡೆಯುತ್ತಿವೆಯೇ ಅಂತ ಕೆಲವು ತಿಂಗಳಿಗೊಮ್ಮೆ ಒಬ್ಬರು ಕುಳಿತು ಒಂದೊಂದಾಗಿ ಒತ್ತಿ ನೋಡಬೇಕು. ಈ ಕೆಲಸ ಯಾವ ಪ್ರಬಂಧದಲ್ಲೂ ಕಾಣುವುದಿಲ್ಲ.

ಕಾಯುವ ಕೋಣೆಯಲ್ಲಿ ಫ್ಯಾಷನ್ ಪತ್ರಿಕೆ ಇಡುವುದಿಲ್ಲ. ಕುರ್ಚಿಗಳಲ್ಲಿ ಒಂದೆರಡಕ್ಕಾದರೂ ಕೈ ಇರಬಾರದು, ದಪ್ಪ ಮೈಯವರು ಇಕ್ಕಟ್ಟಿನಲ್ಲಿ ಕೂರುವ ಹಾಗಾಗಬಾರದು. ಬಿಪಿ ನೋಡುವ ಪಟ್ಟಿ ಮೂರು ಅಳತೆಯವು ಬೇಕು: ತೆಳ್ಳಗಿನ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ದಪ್ಪ ತೋಳಿಗೆ ಚಿಕ್ಕದು ಕಟ್ಟಿದರೆ ಜಾಸ್ತಿ. ತೂಕದ ಯಂತ್ರದ ಡಿಸ್‌ಪ್ಲೇ ನಿಂತವರಿಗೆ ಕಾಣದ ಕಡೆ ತಿರುಗಿರಬೇಕು. ಬೆನ್ನು ಹಾಕಿ ನಿಲ್ಲಿಸುವುದು ಇನ್ನೂ ಸುಲಭ. ನೋಡಿದವರು ಅಂಕಿಯನ್ನು ಗಟ್ಟಿಯಾಗಿ ಓದುವುದಿಲ್ಲ. "ಹಾಂ", "ಓಹ್", "ಸರಿ ಇದೆ", ಈ ಯಾವ ಉದ್ಗಾರವೂ ಬೇಡ. ಹುಬ್ಬು ಏರಿಸುವುದೂ ಬೇಡ. ಎತ್ತರ ನೋಡುವಾಗ ಬರಿಗಾಲು, ಜಡೆ ತುರುಬು ಬಿಚ್ಚಿಸಿ, ದೃಷ್ಟಿ ನೇರ, ಎರಡು ಸಲ ಅಳೆದು ಎರಡೂ ಹೊಂದದಿದ್ದರೆ ಮೂರನೆಯದು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಎತ್ತರ ವರ್ಗವಾಗಿ ಬರುವುದರಿಂದ ಒಂದೆರಡು ಸೆಂಟಿಮೀಟರ್ ತಪ್ಪಿದರೂ ಗಡಿಯಲ್ಲಿರುವವರು ಒಂದು ಗುಂಪಿನಿಂದ ಇನ್ನೊಂದಕ್ಕೆ ಜಾರಿಬಿಡುತ್ತಾರೆ. ತೂಕವನ್ನು ಇರುವುದಕ್ಕಿಂತ ಬೇರೆಯಾಗಿ ತೋರಿಸುವ ಉಪಾಯಗಳೂ ಇವೆ, ಅವನ್ನು ಪತ್ತೆ ಹಚ್ಚುವ ವಿಧಾನಗಳೂ ಇವೆ. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಕಡಿಮೆ ತೂಕದ ಅಂಕಿಗಳನ್ನು ಬರೆಯದಿರುವುದೂ ಅದೇ ಕಾರಣಕ್ಕೆ. ಈ ಕ್ಷೇತ್ರದಲ್ಲಿ ಅಂಕಿ ಕೆಲವು ಓದುಗರಿಗೆ ಮಾಹಿತಿ, ಇನ್ನು ಕೆಲವರಿಗೆ ಪಂದ್ಯ.

ಇನ್ನು ಎಂಟರ ವಿಷಯ. ಅದು ಹುಟ್ಟುವುದು ಸಂದರ್ಶನದ ಕೋಣೆಯಲ್ಲಿ.

ಜಗತ್ತಿನ ಅನೇಕ ಲ್ಯಾಬ್‌ಗಳು ಬಳಸುವ ಸಂದರ್ಶನವೊಂದಿದೆ, ಈಟಿಂಗ್ ಡಿಸಾರ್ಡರ್ ಎಕ್ಸಾಮಿನೇಷನ್, ಚಿಕ್ಕದಾಗಿ ಇಡಿಇ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಮತ್ತು ಜಾಫ್ರಾ ಕೂಪರ್ ರೂಪಿಸಿದ್ದು. ಮುಗಿಯುವುದಕ್ಕೆ ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ ಬೇಕು. ಇದನ್ನೇ ಕಾಗದದ ಪ್ರಶ್ನಾವಳಿ ಮಾಡಿದ್ದು ಇಡಿಇ-ಕ್ಯೂ, ಫೇರ್‌ಬರ್ನ್ ಮತ್ತು ಬೆಗ್ಲಿನ್ 1994ರಲ್ಲಿ ಪ್ರಕಟಿಸಿದರು. ಅದರ ಈಗಿನ ರೂಪದಲ್ಲಿ 28 ಪ್ರಶ್ನೆ, ಕೇಳುವುದು ಕಳೆದ 28 ದಿನಗಳ ಬಗ್ಗೆ. ಎರಡೂ 28 ಆದದ್ದು ಕಾಕತಾಳೀಯ, ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಇದಕ್ಕೇನೋ ಸಂಬಂಧವಿದೆ ಅಂತ ಹುಡುಕುತ್ತಾರೆ. ಎಷ್ಟು ದಿನ ಎಂದು ಕೇಳುವ ಪ್ರಶ್ನೆಗಳಿಗೆ ಉತ್ತರ 0ಯಿಂದ 6. ಒಂದು ದಿನವೂ ಇಲ್ಲವಾದರೆ 0, ಒಂದರಿಂದ ಐದು ದಿನಕ್ಕೆ 1, ಆರರಿಂದ ಹನ್ನೆರಡಕ್ಕೆ 2, ಹದಿಮೂರರಿಂದ ಹದಿನೈದಕ್ಕೆ 3, ಹದಿನಾರರಿಂದ ಇಪ್ಪತ್ತೆರಡಕ್ಕೆ 4, ಇಪ್ಪತ್ತಮೂರರಿಂದ ಇಪ್ಪತ್ತೇಳಕ್ಕೆ 5, ದಿನವೂ ಆದರೆ 6. ಮೆಟ್ಟಿಲುಗಳು ಸಮ ಇಲ್ಲ. ನಡುವಿನ 3 ಬರೀ ಮೂರು ದಿನಗಳ ಮೆಟ್ಟಿಲು, ಏಕೆಂದರೆ ಅದರ ಅರ್ಥ "ಸುಮಾರು ಅರ್ಧ ದಿನಗಳು". ಇದು ತಲೆಯಲ್ಲಿಲ್ಲದೆ 2 ಇದ್ದದ್ದು 4 ಆಯಿತು, ಎರಡು ಪಟ್ಟಾಯಿತು ಅಂತ ಬರೆಯುವವರಿದ್ದಾರೆ.

ಪ್ರಶ್ನಾವಳಿಯಲ್ಲಿ ಉತ್ತರಿಸುವವರು ಹೇಳಿದ್ದೇ ಅಂತಿಮ. ಸಂದರ್ಶನದಲ್ಲಿ ಹಾಗಲ್ಲ, ಅಂಕ ಹಾಕುವುದು ಕೇಳುವವರು. ಉತ್ತರಿಸುವವರು "ಬಿಂಜ್" ಅಂದದ್ದೆಲ್ಲ ಬಿಂಜ್ ಅಲ್ಲ. ಎರಡು ಲಕ್ಷಣ ಒಟ್ಟಿಗೆ ಬೇಕು: ಅದೇ ಸಂದರ್ಭದಲ್ಲಿ ಬೇರೆಯವರು ತಿನ್ನುತ್ತಿದ್ದುದಕ್ಕಿಂತ ನಿಶ್ಚಯವಾಗಿ ಹೆಚ್ಚು ತಿಂದಿರಬೇಕು, ಮತ್ತು ತಿನ್ನುವಾಗ ಕೈ ತನ್ನ ಹತೋಟಿಯಲ್ಲಿಲ್ಲ ಎನ್ನಿಸಿರಬೇಕು.

ಹೇಗೆ ನಡೆಯುತ್ತದೆ ಅಂತ ಒಂದು ತುಣುಕು ನೋಡಬಹುದು. ಇದು ತರಬೇತಿಗೆ ಅಂತ ಕಟ್ಟಿದ ಮಾದರಿ, ಯಾರೊಬ್ಬರ ಮಾತೂ ಅಲ್ಲ. ಮೇಜಿನ ಮೇಲೆ ನಾಲ್ಕು ವಾರದ ಖಾಲಿ ಕ್ಯಾಲೆಂಡರ್. ಮೊದಲು ಅದರಲ್ಲಿ ತಿನ್ನುವುದಕ್ಕೆ ಸಂಬಂಧವೇ ಇಲ್ಲದ್ದನ್ನು ಬರೆಸುತ್ತಾರೆ: ಪರೀಕ್ಷೆ ಎಂದು, ರಜೆ ಎಂದು, ಜ್ವರ ಬಂದದ್ದೆಂದು. ಈ ಗೂಟಗಳನ್ನು ನೆಟ್ಟ ಮೇಲೆ ನೆನಪಿನ ಹಗ್ಗ ಕಟ್ಟಲು ಜಾಗ ಸಿಗುತ್ತದೆ.

"ಭಾನುವಾರ ರಾತ್ರಿ ಭಯಂಕರ ಬಿಂಜ್ ಆಯ್ತು."

"ಭಾನುವಾರ ಅಂದರೆ ಪರೀಕ್ಷೆಯ ಹಿಂದಿನ ದಿನ. ಏನೇನು ತಿಂದಿರಿ, ನೆನಪಿದ್ದಷ್ಟು ಹೇಳಿ."

"ಬಿಸ್ಕತ್ತು."

"ಎಷ್ಟು ಇರಬಹುದು?"

"ಮೂರು. ಇಲ್ಲ, ನಾಲ್ಕು."

"ಅದರ ಜೊತೆಗೆ ಬೇರೇನಾದರೂ?"

"ಇಲ್ಲ. ಆದರೆ ನಿಲ್ಲಿಸೋಕೇ ಆಗಲಿಲ್ಲ. ಬಿಸ್ಕತ್ತು ತಿನ್ನಲೇಬಾರದು ಅಂದುಕೊಂಡಿದ್ದೆ."

ಇಲ್ಲಿ ಹೊಸಬರು ತಪ್ಪುವ ರೀತಿ ಎರಡು. ಒಂದು, "ನಾಲ್ಕು ಬಿಸ್ಕತ್ತಿಗೆ ಬಿಂಜ್ ಅನ್ನೋದಿಲ್ಲ" ಅಂತ ತಿದ್ದುವುದು. ಹಾಗಂದರೆ ಎದುರಿನವರು ಮುಂದಿನ ಒಂದು ಗಂಟೆ ಏನನ್ನೂ ಬಿಟ್ಟುಕೊಡುವುದಿಲ್ಲ. ಇನ್ನೊಂದು, ಅವರ ಸಂಕಟ ನೋಡಿ ಕರಗಿ ಬಿಂಜ್ ಎಂದೇ ಗುರುತು ಹಾಕುವುದು. ಇಡಿಇ ಲೆಕ್ಕದಲ್ಲಿ ಇದು ವ್ಯಕ್ತಿನಿಷ್ಠ ಬಿಂಜ್, ಅಂದರೆ ಹತೋಟಿ ತಪ್ಪಿದೆ, ಪ್ರಮಾಣ ದೊಡ್ಡದಲ್ಲ. ಅದಕ್ಕೆ ಬೇರೆ ಕಾಲಂ ಇದೆ. ಸಂಕಟವೂ ದಾಖಲಾಗುತ್ತದೆ, ಎಂಟಕ್ಕೆ ಮಾತ್ರ ಸೇರುವುದಿಲ್ಲ. ಅದೇ ಮನುಷ್ಯರು ಮದುವೆ ಮನೆಯಲ್ಲಿ ಎಲ್ಲರ ಹಾಗೆ ಹೊಟ್ಟೆ ಬಿರಿಯುವಷ್ಟು ಉಂಡದ್ದನ್ನೂ ನಾಚಿಕೆಯಿಂದ ಹೇಳುತ್ತಾರೆ. ಎಲ್ಲರೂ ಅಷ್ಟು ಉಂಡಿದ್ದರೆ, ಬೇಕೆಂದಾಗ ನಿಲ್ಲಿಸಬಹುದಿತ್ತು ಎಂದಾದರೆ, ಅದು ಯಾವ ಬಿಂಜೂ ಅಲ್ಲ. ಬರೀ ಊಟ.

ಎರಡು ಅಂಕಗಳ ನಡುವೆ ಮನಸ್ಸು ಡೋಲಾಯಮಾನವಾದರೆ ಕಡಿಮೆಯದನ್ನೇ ಹಾಕು ಎಂಬುದು ಇಡಿಇಯ ನಿಯಮ. ಪ್ರಮಾಣ ದೊಡ್ಡದೋ ಅಲ್ಲವೋ ಎಂಬ ಸಂಶಯವಿದ್ದರೂ ದೊಡ್ಡದಲ್ಲ ಅಂತಲೇ. ಕೇಳುವುದಕ್ಕೆ ಜಿಪುಣತನ ಅನ್ನಿಸುತ್ತದೆ. ಆದರೆ ಒಬ್ಬರು ಉದಾರ, ಇನ್ನೊಬ್ಬರು ಬಿಗಿ ಎಂದಾದರೆ ಲ್ಯಾಬಿನ ಅಂಕಿ ಕಾಯಿಲೆಯನ್ನು ಅಳೆಯುವುದು ಬಿಟ್ಟು ಕೇಳಿದವರ ಸ್ವಭಾವವನ್ನು ಅಳೆಯತೊಡಗುತ್ತದೆ. ಹೀಗಾಗಿ ಪ್ರಶ್ನಾವಳಿ ಮತ್ತು ಸಂದರ್ಶನ ಎರಡನ್ನೂ ಒಬ್ಬರಿಗೇ ಕೊಟ್ಟರೆ, ವಾಂತಿ ಮಾಡಿಕೊಳ್ಳುವಂಥ ಖಚಿತ ನಡವಳಿಕೆಗಳಲ್ಲಿ ಎರಡೂ ಚೆನ್ನಾಗಿ ತಾಳೆಯಾಗುತ್ತವೆ; ಬಿಂಜ್ ಮತ್ತು ಮೈಯ ಆಕಾರದ ಚಿಂತೆಯಲ್ಲಿ ಪ್ರಶ್ನಾವಳಿಯ ಅಂಕ ಮೇಲೇಳುತ್ತದೆ. 1994ರ ಆ ಪ್ರಬಂಧದಲ್ಲೇ ಇದು ಕಂಡಿತ್ತು.

ಸಂದರ್ಶನವನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡುತ್ತಾರೆ. ಅದರಲ್ಲಿ ಒಂದು ಪಾಲನ್ನು ಎರಡನೆಯವರು ಮೊದಲನೆಯವರ ಅಂಕ ನೋಡದೆ ಕೇಳಿ ತಾವೇ ಅಂಕ ಹಾಕುತ್ತಾರೆ. ವಾರದ ಮೀಟಿಂಗಿನಲ್ಲಿ ಎರಡೂ ಹಾಳೆ ಮೇಜಿಗೆ ಬರುತ್ತವೆ. ಒಬ್ಬರದು 9, ಇನ್ನೊಬ್ಬರದು 8. ಜಗಳ ಒಂದು ಡಬ್ಬ ಐಸ್‌ಕ್ರೀಮಿನ ಮೇಲೆ: ಡಬ್ಬ ಎಷ್ಟು ದೊಡ್ಡದು ಅಂತ ಯಾರೂ ಕೇಳಿಯೇ ಇಲ್ಲ. ಹೊರಗಿನಿಂದ ನೋಡಿದರೆ ವಿಶ್ವವಿದ್ಯಾಲಯದವರು ಸಂಬಳ ತೆಗೆದುಕೊಂಡು ಐಸ್‌ಕ್ರೀಂ ಡಬ್ಬದ ಗಾತ್ರ ಚರ್ಚಿಸುತ್ತಿದ್ದಾರೆ. ಆದರೆ ರೋಗನಿರ್ಣಯದ ಗಡಿ ಎಷ್ಟು ಕಿರಿದು ನೋಡಿ: ಮನೋರೋಗಗಳ ಅಮೆರಿಕನ್ ಕೈಪಿಡಿಯಾದ 1994ರ ಡಿಎಸ್‌ಎಂ-4ರಲ್ಲಿ ಬುಲಿಮಿಯಾಗೆ (ಬಿಂಜ್ ಮಾಡಿ, ಅದನ್ನು ಸರಿದೂಗಿಸಲು ವಾಂತಿ ಮಾಡಿಕೊಳ್ಳುವಂಥ ಕಾಯಿಲೆ) ಮೂರು ತಿಂಗಳ ಕಾಲ ವಾರಕ್ಕೆ ಸರಾಸರಿ ಎರಡು ಬಿಂಜ್ ಬೇಕಿತ್ತು, 2013ರ ಡಿಎಸ್‌ಎಂ-5ರಲ್ಲಿ ಒಂದು ಸಾಕು. ನಾಲ್ಕು ವಾರಕ್ಕೆ ಎಂಟು ಎಂದರೆ ಹಳೆಯ ನಿಯಮದ ಗಡಿಗೆ ತಾಗಿ ನಿಂತವರು. ಏಳಾದರೆ ಅಂದಿನ ಲೆಕ್ಕದಲ್ಲಿ ಹೊರಗೆ. ಐಸ್‌ಕ್ರೀಂ ಡಬ್ಬ ಈ ಸಲ ಸಂಶಯದ ಖಾತೆಗೆ ಹೋಯಿತು, ಎಂಟು ನಿಂತಿತು.

ಒಂದು ಅಪಾಯ ಈ ಮೀಟಿಂಗಿನಲ್ಲೂ ಸಿಕ್ಕಿಬೀಳುವುದಿಲ್ಲ. ಒಂದೇ ತಂಡ ವರ್ಷಗಟ್ಟಲೆ ಒಟ್ಟಿಗೆ ಅಂಕ ಹಾಕುತ್ತಾ ಹೋದರೆ ಎಲ್ಲರೂ ಸೇರಿ ನಿಧಾನಕ್ಕೆ ಒಂದೇ ದಿಕ್ಕಿಗೆ ವಾಲುತ್ತಾರೆ. ಒಳಗಿನ ಹೊಂದಾಣಿಕೆ ಅದ್ಭುತ, ಹೊರಗಿನವರ ಜೊತೆ ಹೋಲಿಸಿದರೆ ಎಲ್ಲರೂ ತಪ್ಪು. ಆಗಾಗ ಹಳೆಯ, ಮೊದಲೇ ಅಂಕ ಗೊತ್ತಿರುವ ರೆಕಾರ್ಡಿಂಗ್ ತೆಗೆದು ಎಲ್ಲರಿಗೂ ಮತ್ತೆ ಹಾಕಿಸುವುದು, ಸಾಧ್ಯವಾದರೆ ಬೇರೆ ಲ್ಯಾಬಿನವರಿಂದ ಕೇಳಿಸುವುದು ಇದಕ್ಕೆ ಮದ್ದು. ಮಾಡುವವರು ಕಡಿಮೆ.

ಚಿಕಿತ್ಸೆಯ ಪ್ರಯೋಗವಾದರೆ ಇನ್ನೊಂದು ತೊಡಕು ಸೇರುತ್ತದೆ. ಸಂದರ್ಶನ ಮಾಡುವವರಿಗೆ ಎದುರಿನವರು ಯಾವ ಚಿಕಿತ್ಸೆಯ ಗುಂಪಿನಲ್ಲಿದ್ದಾರೆ ಎಂಬುದು ಗೊತ್ತಿರಬಾರದು. ಇದಕ್ಕೆ ಚಿಕಿತ್ಸಕರ ಕೋಣೆ ಬೇರೆ ಮಹಡಿಯಲ್ಲಿಡುತ್ತಾರೆ, ಕ್ಯಾಲೆಂಡರ್ ಬೇರೆ ಮಾಡುತ್ತಾರೆ, ಸಂದರ್ಶನದ ಮೊದಲ ಮಾತೇ "ನಿಮ್ಮ ಚಿಕಿತ್ಸೆಯ ಬಗ್ಗೆ ನನಗೆ ಏನೂ ಹೇಳಬೇಡಿ" ಎಂದಿರುತ್ತದೆ. ಹತ್ತನೆಯ ನಿಮಿಷಕ್ಕೆ "ಈಗ ಅಪ್ಪ ಅಮ್ಮನೇ ನನ್ನ ತಟ್ಟೆಗೆ ಬಡಿಸ್ತಾರೆ" ಅಂತ ಬಂದುಬಿಡುತ್ತದೆ. ಕುಟುಂಬ ಆಧಾರಿತ ಚಿಕಿತ್ಸೆ ಅಂತ ಸಣ್ಣ ಮಕ್ಕಳಿಗೂ ಗೊತ್ತಾಗುತ್ತದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದ ಈ ಪದ್ಧತಿಯಲ್ಲಿ ಊಟದ ಹೊಣೆ ಮೊದಲ ಹಂತದಲ್ಲಿ ಹೆತ್ತವರದು, ಎರಡನೆಯ ಭೇಟಿಗೆ ಇಡೀ ಮನೆಯವರು ಊಟ ಕಟ್ಟಿಕೊಂಡೇ ಬರಬೇಕು. ಗುಟ್ಟು ಒಡೆದದ್ದನ್ನು ಮುಚ್ಚಿಡದೆ ಫಾರ್ಮಿನಲ್ಲಿ ಬರೆದು ಮುಂದಿನ ಸಂದರ್ಶನವನ್ನು ಇನ್ನೊಬ್ಬರಿಗೆ ಒಪ್ಪಿಸುವುದೇ ಸರಿಯಾದ ಕ್ರಮ.

ಊಟದ ಪ್ರಯೋಗದ ಅಡುಗೆಮನೆಯಲ್ಲಿ ಇರುವವರು ಸಾಮಾನ್ಯವಾಗಿ ಡಯಟಿಷಿಯನ್ ಮತ್ತು ಒಬ್ಬಿಬ್ಬರು ಪದವಿ ವಿದ್ಯಾರ್ಥಿಗಳು. ಪ್ರತಿ ಬಟ್ಟಲನ್ನೂ ಕೊಡುವ ಮುಂಚೆ, ವಾಪಸ್ ಬಂದ ಮೇಲೆ 0.1 ಗ್ರಾಮಿನವರೆಗೆ ತೂಗಬೇಕು. ಕೆಡುವ ಕಡೆಗಳು ಗೊತ್ತಿರುವಂಥವೇ: ಹೋಗುವಾಗ ಮುಚ್ಚಳದ ಸಮೇತ ತೂಗಿ ಬರುವಾಗ ಮುಚ್ಚಳ ಬಿಟ್ಟು ತೂಗುವುದು, ಚೆಲ್ಲಿದ್ದನ್ನು ಒರೆಸಿದ ಕಾಗದವನ್ನು ಕಸಕ್ಕೆ ಹಾಕಿಬಿಡುವುದು, ಅದನ್ನೂ ತೂಗಬೇಕು, ಕುಡಿಯುವ ನೀರನ್ನು ಮಿಲ್ಕ್‌ಶೇಕ್ ಲೋಟಕ್ಕೆ ಸುರಿದದ್ದು ಗಮನಕ್ಕೆ ಬಾರದಿರುವುದು. ತಿನ್ನುವವರಿಗೆ ಕೊಡುವ ಸೂಚನೆಯನ್ನು ಬಾಯಿಪಾಠದಿಂದ ಹೇಳದೆ ಕಾರ್ಡ್ ನೋಡಿ ಓದುತ್ತಾರೆ. "ನಿಮಗೆ ಬೇಕಾದಷ್ಟು ತಿನ್ನಿ" ಮತ್ತು "ಸಾಧ್ಯವಾದಷ್ಟು ತಿನ್ನಿ" ಎರಡೂ ಬೇರೆ ಬೇರೆ ಪ್ರಯೋಗ. ಓದುವಾಗ ಮುಗುಳ್ನಕ್ಕರೂ ಗ್ರಾಮುಗಳು ಬದಲಾಗುತ್ತವೆ ಅಂತ ನಂಬಿ ನಡೆಯುವುದು ಕ್ಷೇಮ.

ಹ್ಯಾರಿ ಕಿಸಿಲೆಫ್ ಮತ್ತು ಸಂಗಡಿಗರು 1980ರಲ್ಲಿ ವಿವರಿಸಿದ ಒಂದು ಸಲಕರಣೆ ಈ ಕೆಲಸಕ್ಕೆ ಹೊಸ ಕಣ್ಣು ಕೊಟ್ಟಿತು. ಮೇಜಿನ ಹಲಗೆಯ ಅಡಿಯಲ್ಲಿ ಅಡಗಿಸಿಟ್ಟ ತಕ್ಕಡಿ, ಮೇಲೆ ತಟ್ಟೆ, ತಕ್ಕಡಿಗೆ ಜೋಡಿಸಿದ ಕಂಪ್ಯೂಟರು. ತಿನ್ನುತ್ತಿದ್ದ ಹಾಗೇ ತೂಕ ಇಳಿಯುವುದು ದಾಖಲಾಗುತ್ತದೆ. ಒಟ್ಟು ಎಷ್ಟು ತಿಂದರು ಎಂಬುದರ ಜೊತೆಗೆ ಎಷ್ಟು ವೇಗದಲ್ಲಿ, ಎಲ್ಲಿ ನಿಧಾನವಾಯಿತು ಎಂಬ ಗೆರೆ ಸಿಗುತ್ತದೆ. ಮೊಣಕೈ ಊರಿದರೆ ಗೆರೆ ನೆಗೆಯುತ್ತದೆ, ಚಮಚ ತಟ್ಟೆಯಲ್ಲಿ ಇಟ್ಟರೂ ನೆಗೆಯುತ್ತದೆ. ವಿಡಿಯೋ ಪಕ್ಕದಲ್ಲಿಟ್ಟು ಆ ನೆಗೆತಗಳನ್ನು ಒಂದೊಂದಾಗಿ ತೆಗೆಯುವವರು ಆ ಪದವಿ ವಿದ್ಯಾರ್ಥಿಗಳು.

ಊಟದ ನಂತರ ಒಬ್ಬರು ಜೊತೆಗಿರಬೇಕು, ಸಾಮಾನ್ಯವಾಗಿ ಒಂದು ಗಂಟೆ. ಅಳತೆಗಿಂತ ಇದು ಕಾಳಜಿಯ ವಿಷಯ. ಪ್ರಯೋಗಕ್ಕಾಗಿ ತಿಂದದ್ದಾದರೂ ತಿಂದ ಮೇಲಿನ ಭಯ ನಿಜವಾದದ್ದೇ. ಏನು ಮಾತಾಡಬೇಕು? ಊಟದ ಬಗ್ಗೆ ಒಂದಕ್ಷರವಿಲ್ಲ. ಪದಬಂಧ, ಬೋರ್ಡ್ ಗೇಮ್ ಇಟ್ಟಿರುತ್ತಾರೆ.

ಲ್ಯಾಬಿಗೆ ಕರೆದ ಕೂಡಲೇ ಸಿಗುವ ವೈದ್ಯರೊಬ್ಬರಿರಬೇಕು, ಹೆಸರಿಗೆ ಮಾತ್ರ ಇದ್ದರೆ ಸಾಲದು. ಪದೇಪದೇ ವಾಂತಿಯಾಗುವವರಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪಬಹುದು. ಹಾಗಾಗಿ ಸಂಶೋಧನೆಗೆ ತೆಗೆದ ರಕ್ತವಾದರೂ ಅದರ ರಿಪೋರ್ಟನ್ನು ಅಂದೇ ಯಾರಾದರೂ ಓದಲೇಬೇಕು. ವಾರದ ಕೊನೆಗೆ ಒಟ್ಟಿಗೆ ನೋಡೋಣ ಅನ್ನುವ ಹಾಗಿಲ್ಲ. ತಿರುಗುಮುರುಗಾದ ಅಪಾಯವೂ ಇದೆ. ರಿಪೋರ್ಟ್ ನಾರ್ಮಲ್ ಬಂದರೆ "ಯೂನಿವರ್ಸಿಟಿಯವರೇ ಎಲ್ಲ ಸರಿಯಿದೆ ಅಂದಿದ್ದಾರೆ" ಅಂತ ಮನೆಯಲ್ಲಿ ಹೇಳಿಕೊಳ್ಳುತ್ತಾರೆ. ತುಂಬಾ ಕೆಟ್ಟ ಸ್ಥಿತಿಯಲ್ಲೂ ರಕ್ತದ ಅಂಕಿಗಳು ಸರಿಯಾಗಿ ಕಾಣಬಹುದು ಎಂಬುದನ್ನು ರಿಪೋರ್ಟ್ ಕೈಗೆ ಕೊಡುವಾಗಲೇ ಹೇಳಬೇಕು. ಊಟ ಕಡಿಮೆ ಮಾಡಿ ತೂಕ ಅಪಾಯದ ಮಟ್ಟಕ್ಕೆ ಇಳಿಯುವ ಕಾಯಿಲೆಯಾದ ಅನೊರೆಕ್ಸಿಯಾದಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಉಳಿದವರಿಗಿಂತ ಐದು ಪಟ್ಟಿಗೂ ಹೆಚ್ಚು ಎಂದು 2011ರ ಒಂದು ದೊಡ್ಡ ವಿಶ್ಲೇಷಣೆ ಲೆಕ್ಕ ಹಾಕಿತ್ತು. ತೀರಿಕೊಂಡವರಲ್ಲಿ ಐವರಲ್ಲೊಬ್ಬರದು ಆತ್ಮಹತ್ಯೆ. ಹಾಗಾಗಿ ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ, ಅಂದರೆ ಸಾಯುವ ಯೋಚನೆಯದು, ಲ್ಯಾಬಿನ ನಿದ್ದೆ ಕೆಡಿಸುತ್ತದೆ. ಆನ್‌ಲೈನ್ ಫಾರ್ಮನ್ನು ರಾತ್ರಿ ಎರಡಕ್ಕೆ ತುಂಬಿದರೆ ಓದುವವರಾರು? ಸರದಿಯ ಮೇಲೆ ಒಬ್ಬರಿಗೆ ಅಲರ್ಟ್ ಹೋಗುವ ಹಾಗೆ ಮಾಡಬೇಕು. ಅದಾಗದಿದ್ದರೆ ಆ ಪ್ರಶ್ನೆಯನ್ನು ಕೇಳಲೇಬಾರದು, ಅಥವಾ ಉತ್ತರವನ್ನು ತಕ್ಷಣ ಯಾರೂ ನೋಡುತ್ತಿಲ್ಲ ಎಂದು ಅಲ್ಲೇ ದಪ್ಪಕ್ಷರದಲ್ಲಿ ಬರೆದು ಸಹಾಯವಾಣಿಯ ನಂಬರು ಕೊಡಬೇಕು. ಎಥಿಕ್ಸ್ ಕಮಿಟಿಯವರು ಸಣ್ಣಪುಟ್ಟದ್ದಕ್ಕೆಲ್ಲ ತಕರಾರು ತೆಗೆಯುತ್ತಾರೆ ಎಂಬ ಗೊಣಗಾಟ ಎಲ್ಲ ಕಡೆ ಇದೆ. ಈ ಒಂದು ವಿಷಯದಲ್ಲಿ ಅವರ ಹಟ ನ್ಯಾಯವಾದದ್ದು.

ನೆನಪಿನ ಮೇಲೆ ನಂಬಿಕೆ ಸಾಲದವರು ಫೋನಿನ ಮೊರೆ ಹೋದರು. ದಿನಕ್ಕೆ ಐದಾರು ಸಲ ಫೋನ್ ಗುಂಯ್ಗುಟ್ಟಿ "ಈಗ ಹೇಗನ್ನಿಸುತ್ತಿದೆ, ಕೊನೆಯ ಸಲ ಕೇಳಿದ ಮೇಲೆ ಏನು ತಿಂದಿರಿ" ಅಂತ ಕೇಳುತ್ತದೆ, ಒಂದೆರಡು ವಾರ. ಹೀಗೆ ಆಗಿಂದಾಗಲೇ ಕೇಳಿ ಬರೆದುಕೊಂಡ 36 ಅಧ್ಯಯನಗಳನ್ನು ಸಂಶೋಧಕರಾದ ಹಾಡ್ಟ್-ಮ್ಯಾಟ್ ಮತ್ತು ಕೀಲ್ 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬಿಂಜಿಗೆ ಮುಂಚೆ ಮನಸ್ಸು ಕೆಡುತ್ತದೆ ಎಂಬ ನಿರೀಕ್ಷೆ ನಿಜವಾಯಿತು. ಬಿಂಜ್ ಆದಮೇಲೆ ಹಗುರವಾಗುತ್ತದೆ ಎಂಬುದು ಮಾತ್ರ ಸುಳ್ಳಾಯಿತು, ಮನಸ್ಸು ಇನ್ನೂ ಕೆಟ್ಟಿತ್ತು. ಪಾಠಪುಸ್ತಕದ ಒಂದು ಸುಂದರ ವಿವರಣೆ ಪೆಟ್ಟು ತಿಂದದ್ದು ಹೀಗೆ. ಇದರಲ್ಲೂ ಕೈಕೊಡುವುದು ಮನುಷ್ಯರೇ. ದಿನ ಕಳೆದಂತೆ ಉತ್ತರ ಇಳಿಯತೊಡಗುತ್ತದೆ. ಬಿಂಜ್ ನಡೆಯುತ್ತಿರುವ ಹೊತ್ತಿಗೆ ಫೋನ್ ಬಡಿದುಕೊಂಡರೆ ಎತ್ತುವವರಾರು? ಬಿಟ್ಟುಹೋದ ಉತ್ತರಗಳು ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ, ಬೇಕಾದ ಕಡೆಯೇ ಬಿಟ್ಟುಹೋಗಿರುತ್ತವೆ. ಮೂರನೆಯ ದಿನ ಕೋ-ಆರ್ಡಿನೇಟರ್ ಒಂದು ಫೋನ್ ಮಾಡಿ "ಹೇಗೆ ನಡೀತಿದೆ?" ಅಂತ ವಿಚಾರಿಸುವುದಕ್ಕೆ ಸಮನಾದ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಆ ಎಂಟು ಈಗ ಡೇಟಾ ಮ್ಯಾನೇಜರ್ ಕೈಗೆ ಬಂದಿದೆ. ಹೆಸರು ಮತ್ತು ಐಡಿ ಜೋಡಿಸುವ ಫೈಲು ಒಂದು ಕಡೆ, ಉತ್ತರಗಳು ಇನ್ನೊಂದು ಕಡೆ. ಉತ್ತರಗಳನ್ನು ಇಬ್ಬರು ಸ್ವತಂತ್ರವಾಗಿ ಏರಿಸಿ ತಾಳೆ ನೋಡುವ ಪದ್ಧತಿ ಕಾಗದದ ಫಾರ್ಮುಗಳಿಗೆ ಈಗಲೂ ಇದೆ. ಉತ್ತರ ಸಿಗದ ಕಡೆ 99 ಹಾಕುವ ಹಳೆಯ ರೂಢಿ ಈ ಕ್ಷೇತ್ರದಲ್ಲಿ ವಿಶೇಷ ಅಪಾಯಕಾರಿ. ವಯಸ್ಸಿನ ಕಾಲಂನಲ್ಲಿ 99 ಬಂದರೆ ಯಾರಾದರೂ ಬೆಚ್ಚಿಬೀಳುತ್ತಾರೆ. ನಾಲ್ಕು ವಾರದಲ್ಲಿ 99 ವಾಂತಿ ಎಂಬುದು ಈ ಕಾಯಿಲೆಯಲ್ಲಿ ಅಸಾಧ್ಯವಲ್ಲ, ಕಣ್ಣು ಜಾರಿ ಮುಂದಕ್ಕೆ ಹೋಗಿಬಿಡುತ್ತದೆ. ಸರಾಸರಿ ಉಬ್ಬುತ್ತದೆ. ಸಂಖ್ಯಾಶಾಸ್ತ್ರಜ್ಞರು ಮೊದಲು ಮಾಡುವುದು ಸರಾಸರಿ ತೆಗೆಯುವುದಲ್ಲ, ಚಿತ್ರ ಬರೆದು ನೋಡುವುದು: ಸೊನ್ನೆಯಲ್ಲಿ ದೊಡ್ಡ ಗೋಪುರ, ಬಲಕ್ಕೆ ಉದ್ದನೆಯ ಬಾಲ. ಇಂಥ ಎಣಿಕೆಗೆ ಗಂಟೆಯಾಕಾರದ ಲೆಕ್ಕ ಹೊಂದುವುದಿಲ್ಲ, ನೆಗೆಟಿವ್ ಬೈನಾಮಿಯಲ್ ಥರದ ಮಾದರಿ ಬೇಕು. ಈ ಮಾತನ್ನು ಅವರಿಂದ ಅನುದಾನದ ಅರ್ಜಿ ಬರೆಯುವಾಗಲೇ ಹೇಳಿಸಿದರೆ ಚೆನ್ನ. ಡೇಟಾ ಎಲ್ಲ ಬಂದ ಮೇಲೆ ಕರೆಯುವುದು ಮನೆ ಕಟ್ಟಿಯಾದ ಮೇಲೆ ಎಂಜಿನಿಯರನ್ನು ಕರೆದ ಹಾಗೆ.

ಈ ಕ್ಷೇತ್ರದ ಚರಿತ್ರೆಯನ್ನು ದೊಡ್ಡ ಹೆಸರುಗಳಲ್ಲಿ ಹೇಳುವುದು ಸುಲಭ. ಜೆರಾಲ್ಡ್ ರಸಲ್ 1979ರಲ್ಲಿ 30 ರೋಗಿಗಳ ವಿವರದೊಂದಿಗೆ ಬುಲಿಮಿಯಾ ನರ್ವೋಸಾ ಎಂಬ ಹೆಸರು ಕೊಟ್ಟರು. ಅದಕ್ಕೂ ಮುಂಚೆ, 1944-45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಯುದ್ಧಕ್ಕೆ ಹೋಗಲೊಪ್ಪದ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅಡುಗೆ ಪುಸ್ತಕ ಓದುತ್ತಾ ಕೂರುವುದು, ಊಟವನ್ನು ಗಂಟೆಗಟ್ಟಲೆ ಎಳೆಯುವುದು, ತಟ್ಟೆ ನೆಕ್ಕುವುದು ಕಾಣಿಸಿಕೊಂಡವು. ಅನೊರೆಕ್ಸಿಯಾದ ವಿಚಿತ್ರ ಅಂದುಕೊಂಡಿದ್ದ ಎಷ್ಟೋ ನಡವಳಿಕೆ ಹಸಿವೆಯ ಪರಿಣಾಮವೇ ಇರಬಹುದು ಅಂತ ಆ ಯುವಕರಿಂದ ತಿಳಿಯಿತು. ಈಗಲೂ ಮೆದುಳಿನ ಸ್ಕ್ಯಾನ್ ಮಾಡುವವರ ದೊಡ್ಡ ತಲೆಬಿಸಿ ಅದೇ: ಕಂಡ ವ್ಯತ್ಯಾಸ ಕಾಯಿಲೆಯದೋ, ಹಸಿವೆಯದೋ? ತೂಕ ಮರಳಿದ ಮೇಲೆ ಇನ್ನೊಮ್ಮೆ ಕರೆದು ಸ್ಕ್ಯಾನ್ ಮಾಡಿದರೆ ಉತ್ತರದ ಒಂದು ತುದಿ ಸಿಗುತ್ತದೆ. ಆದರೆ ಹಾಗೆ ಕರೆಯುವ ಹೊತ್ತಿಗೆ ಅವರ ಊರು, ಫೋನ್ ನಂಬರು ಎಲ್ಲ ಬದಲಾಗಿರುತ್ತದೆ. ಮತ್ತೆ ಕೋ-ಆರ್ಡಿನೇಟರ್.

2019ರಲ್ಲಿ ಅನೊರೆಕ್ಸಿಯಾದ ವಂಶವಾಹಿ ಅಧ್ಯಯನವೊಂದು ಕಾಯಿಲೆಯ ನಂಟಿರುವ ಎಂಟು ತಾಣಗಳನ್ನು ಡಿಎನ್ಎಯಲ್ಲಿ ಗುರುತಿಸಿತು. ಇದು ಬೇರೆ ಎಂಟು. ನಾರ್ತ್ ಕ್ಯಾರೊಲೈನದ ಸಿಂಥಿಯಾ ಬ್ಯುಲಿಕ್ ಮುಂಚೂಣಿಯಲ್ಲಿದ್ದ ಆ ಕೆಲಸಕ್ಕೆ 16,992 ಕಾಯಿಲೆಯವರು, 55,525 ಹೋಲಿಕೆಯವರು ಬೇಕಾದರು. ಮನಸ್ಸಿನ ಕಾಯಿಲೆ ಎಂದಷ್ಟೇ ಕಂಡದ್ದಕ್ಕೆ ದೇಹದ ಚಯಾಪಚಯದ ನಂಟೂ ಇದೆ ಎಂಬ ಸೂಚನೆ ಅದರಿಂದ ಬಂತು. ಆದರೆ ಅಷ್ಟು ಜನವೂ ಐರೋಪ್ಯ ಮೂಲದವರು. ಲ್ಯಾಬಿನ ಬಾಗಿಲಿಗೆ ಬರುವವರ ಚಿತ್ರವೂ ಬಹುಕಾಲ ಹಾಗೇ ಇತ್ತು: ತೆಳ್ಳಗಿನ, ಎಳೆಯ, ಓದಿದ ಹೆಣ್ಣುಮಕ್ಕಳು. ಪೋಸ್ಟರಿನಲ್ಲಿ ಅಂಥವರದೇ ಚಿತ್ರ ಹಾಕಿ, ಅಂಥವರೇ ಬಂದರು ಅಂತ ತೀರ್ಮಾನ ಮಾಡುವುದು ಸುತ್ತಿ ಬಳಸಿ ತನ್ನ ಬಾಲ ತಾನೇ ಹಿಡಿದ ಹಾಗೆ. ಗಂಡಸರಲ್ಲಿ ಚಿಂತೆ ತೆಳ್ಳಗಾಗುವುದಕ್ಕಿಂತ ಸ್ನಾಯು ಕಟ್ಟುವುದರ ಮೇಲಿದ್ದರೆ ಇಡಿಇ-ಕ್ಯೂ ಅದನ್ನು ಕೇಳುವುದೇ ಇಲ್ಲ. ತೂಕ ಬಹಳ ಇಳಿದೂ ಮೈ ಇನ್ನೂ ದಪ್ಪವೇ ಇರುವವರಿಗೆ "ಚೆನ್ನಾಗಿ ಇಳಿಸಿದ್ದೀರಿ" ಎಂಬ ಶಹಭಾಸ್‌ಗಿರಿ ಸಿಗುತ್ತದೆ, ಸ್ಕ್ರೀನಿಂಗ್ ಫೋನ್ ಬರುವುದಿಲ್ಲ.

ಇದನ್ನೆಲ್ಲ ಮೊದಲು ಹೇಳುವವರು ಬಹಳ ಸಲ ಈ ಕಾಯಿಲೆಯನ್ನು ದಾಟಿ ಬಂದ ಸಲಹೆಗಾರರು. ಅವರನ್ನು ಕೂರಿಸಿಕೊಂಡು ಪ್ರಶ್ನಾವಳಿ ಓದಿಸಿದರೆ ಪ್ರಾಧ್ಯಾಪಕರಿಗೆ ಹತ್ತು ವರ್ಷ ಕಾಣದ್ದು ಹತ್ತು ನಿಮಿಷದಲ್ಲಿ ಕಾಣುತ್ತದೆ. ಗಂಟೆಗಿಷ್ಟು ಎಂದು ಸಂಬಳ ಕೊಡಬೇಕು, ಧನ್ಯವಾದ ಪತ್ರದಲ್ಲಿ ಮುಗಿಸಬಾರದು. ಸಿಬ್ಬಂದಿಯಲ್ಲೂ ಅಂಥವರಿರುತ್ತಾರೆ, ಹೇಳಿಕೊಳ್ಳುವುದು ಬಿಡುವುದು ಅವರಿಷ್ಟ. ಆ ಕಾರಣಕ್ಕೂ, ಇಲ್ಲದಿದ್ದರೂ, ಲ್ಯಾಬಿನ ಊಟದ ಮೇಜಿನಲ್ಲಿ ಡಯಟ್ ಮಾತು, "ನಾನಿವತ್ತು ಜಾಸ್ತಿ ತಿಂದೆ" ಎಂಬ ಮಾತು ಬೇಡ ಅನ್ನುವ ನಿಯಮ ಒಳ್ಳೆಯದು. ದಿನಕ್ಕೆ ಮೂರು ಸಂದರ್ಶನ ಮಾಡಿ ಬಂದ ಇಪ್ಪತ್ತೆರಡರ ಹುಡುಗಿಗೆ ತನ್ನ ಡಬ್ಬಿಯ ಊಟವೂ ಪ್ರಶ್ನಾವಳಿಯ ಒಂದು ಪ್ರಶ್ನೆಯ ಹಾಗೆ ಕಾಣತೊಡಗುತ್ತದೆ. ವಾರಕ್ಕೊಮ್ಮೆ ಹಿರಿಯರೊಬ್ಬರು ಅವಳ ಮಾತು ಕೇಳಲು ಕೂರಬೇಕು, ಅಂಕಗಳ ಬಗ್ಗೆ ಅಲ್ಲ.

ಅವಳು ಎರಡು ವರ್ಷ ಇದ್ದು ಪಿಎಚ್‌ಡಿಗೆ ಹೊರಟುಹೋಗುತ್ತಾಳೆ. ಅನುದಾನ ಮುಗಿಯುತ್ತದೆ, ಪ್ರಬಂಧ ಅಚ್ಚಾಗುವುದು ಇನ್ನೂ ಎರಡು ಮೂರು ವರ್ಷಕ್ಕೆ. ಭಾಗವಹಿಸಿದವರಲ್ಲಿ ಕೆಲವರು "ಫಲಿತಾಂಶ ತಿಳಿಸಿ" ಎಂಬ ಚೌಕಕ್ಕೆ ಗುರುತು ಹಾಕಿರುತ್ತಾರೆ. ಅಷ್ಟು ಹೊತ್ತಿಗೆ ಬಂದಿರುವ ಹೊಸ ಅಸಿಸ್ಟೆಂಟ್ ಅವರ ಪಟ್ಟಿ ತೆಗೆದು, ಒಂದು ಪುಟದ ಸಾರಾಂಶವನ್ನು ಮಡಚಿ ಕವರಿಗೆ ಹಾಕುತ್ತಾಳೆ. ಕವರಿನ ಮೂಲೆಯಲ್ಲಿ ವಿಶ್ವವಿದ್ಯಾಲಯದ ಹೆಸರು ಮತ್ತು ಕೋಣೆಯ ನಂಬರು. ಲ್ಯಾಬಿನ ಹೆಸರು ಹಾಕಬಾರದು ಅಂತ ಹಳಬಳು ಕೈಬರಹದಲ್ಲಿ ಬರೆದ ಚೀಟಿ ಕವರಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿಟ್ಟದ್ದು ಇನ್ನೂ ಅಲ್ಲೇ ಇದೆ.